ಕವಡೆಗೆ ಕಾಲಿಲ್ಲದ ತಪ್ಪಿಗೆ

ಅವರೆಕಾಯಿಯ ಕಾಲದಲ್ಲಿ ಮೈಸೂರಿನ ನಮ್ಮ ಮಂಡಿ ಮೊಹಲ್ಲಾದ ಪೊಲೀಸರಿಗೆ ಕೈತುಂಬ ಕೆಲಸವಿರುತ್ತದೆ ಎಂದು ನಾನು ತಿಳಿದಿದ್ದೆ. ಮೂಟೆ ಇಳಿಸುವ ಗಾಡಿಗಳು ರಸ್ತೆಗೆ ಅಡ್ಡ ನಿಂತಿರುತ್ತವೆ. ಸಿಪ್ಪೆಯೆಲ್ಲ ಚರಂಡಿಗೆ ಬೀಳುತ್ತದೆ. ಎದುರಿನ ವೈನ್‌ಶಾಪಿನ ಮುಂದೆ ಬೆಳಗ್ಗೆಯೇ ಒಬ್ಬಿಬ್ಬರು ಅಡ್ಡಾಗಿರುತ್ತಾರೆ. ಅದನ್ನೆಲ್ಲ ದಾಟಿಕೊಂಡು, ಅಡ್ಡಾಗಿದ್ದವನೊಬ್ಬನನ್ನು ತುಳಿಯದಂತೆ ಎಚ್ಚರಿಕೆಯಿಂದ ಬಳಸಿಕೊಂಡು, 2021ರ ಡಿಸೆಂಬರಿನ ಒಂದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಒಬ್ಬ ಸಬ್ ಇನ್ಸ್‌ಪೆಕ್ಟರು ಮತ್ತು ಇಬ್ಬರು ಪೇದೆಗಳು ನನ್ನ ಮನೆಯೊಳಕ್ಕೆ ಬಂದರು.

ನಾನು ನೆಲದ ಮೇಲೆ ಕೂತಿದ್ದೆ. ಮುಂದೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ. ಪಕ್ಕದಲ್ಲಿ ಚೊಂಬಿಗೆ ಒರಗಿಸಿ ನಿಲ್ಲಿಸಿದ ಮೊಬೈಲು. ಮೊಬೈಲಿನೊಳಗೆ ಶ್ರೀರಾಂಪುರದ ಗಿರಿಜಾಂಬಾ ಅವರ ಹಣೆ, ವಿಭೂತಿ ಮತ್ತು ಎಡಗಣ್ಣು. ಇಡೀ ಮುಖ ಕಾಣುವಂತೆ ಫೋನು ಹಿಡಿಯುವುದು ಅವರಿಗೆ ಇನ್ನೂ ಬಂದಿಲ್ಲ.

"ಹಾಕೇ, ಯಾಕೆ ಸುಮ್ನಾದೆ? ಈ ಸಲ ನನಗೆ ಬಾರ ಬೀಳುತ್ತೆ ನೋಡು," ಅಂದರು ಗಿರಿಜಾಂಬಾ.

"ಪುಟ್ಟಲಿಂಗಮ್ಮ ಅಂದ್ರೆ ಯಾರು?" ಅಂದರು ಸಬ್ ಇನ್ಸ್‌ಪೆಕ್ಟರು.

"ನಾನೇ ಸ್ವಾಮಿ."

"ಆಟ ನಿಲ್ಸಿ. ಯಾವ ವಸ್ತುನೂ ಮುಟ್ಬೇಡಿ."

"ಒಂದು ಗಳಿಗೆ ತಾಳಿ ಸ್ವಾಮಿ. ಅವರದೊಂದು ಕಾಯಿ ಕಡಿಯೋದು ಬಾಕಿ ಅದೆ."

ತಾಳಲಿಲ್ಲ. ಪೇದೆಯೊಬ್ಬ ಮೊಬೈಲನ್ನು ಎತ್ತಿಕೊಂಡ. ಅವನ ಮೂಗು ಕಂಡಿರಬೇಕು, ಒಳಗಿನಿಂದ ಗಿರಿಜಾಂಬಾ, "ಅಯ್ಯೋ ಶಿವನೇ, ಯಾರೇ ಇದು? ನಿನ್ನ ಮನೇಲಿ ಗಂಡಸ್ಯಾಕೆ ಬಂದ?" ಎಂದು ಕೂಗಿ ಫೋನು ಕೆಡವಿದರು.

ಆಮೇಲೆ ಮಹಜರು ನಡೆಯಿತು. ಕವಡೆ ನಾಲ್ಕು. ಬಳೆಚೂರು ನಾಲ್ಕು, ಹುಣಸೆಬೀಜ ನಾಲ್ಕು. ಮೊಬೈಲು ಒಂದು. ಜೂಜಿನ ಮನೆಯನ್ನು ಜಪ್ತಿ ಮಾಡಬೇಕೆಂದರೆ ನನ್ನ ನೆಲವನ್ನೇ ಕಿತ್ತುಕೊಂಡು ಹೋಗಬೇಕಾಗಿತ್ತು, ದೊಡ್ಡ ಮನಸ್ಸು ಮಾಡಿ ಫೋಟೋ ತೆಗೆದುಕೊಂಡರು. ಕೊನೆಗೆ ಅಡುಗೆಮನೆಯಲ್ಲಿದ್ದ ಸ್ಟೀಲ್ ಡಬ್ಬಿ ತೆರೆದರು. ಅದರಲ್ಲಿ ಒಂದು ಸೇರು ಹಿತುಕಿದ ಬೇಳೆ ಇತ್ತು. ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಜಾರಿಸಿ ತೆಗೆದ ಬೇಳೆ.

"ಇದೇನಾ ಪಣ?" ಅಂದರು ಸಬ್ ಇನ್ಸ್‌ಪೆಕ್ಟರು.

"ಹೂಂ ಸ್ವಾಮಿ. ನಮ್ಮಲ್ಲಿ ಸೋತೋರು ಗೆದ್ದೋರಿಗೆ ಒಂದು ಸೇರು ಹಿತುಕಿ ಕೊಡ್ಬೇಕು."

ಹೀಗೆ ಕೇಳಿದ್ದಕ್ಕೆಲ್ಲ ಸತ್ಯ ಹೇಳಬಾರದು ಎಂದು ಆಮೇಲೆ ನನ್ನ ಮೊಮ್ಮಗಳು ಹೇಳಿದಳು. ಮಹಜರಿಗೆ ಸಾಕ್ಷಿ ಹಾಕುವ ಪಂಚರು ಬೇಕಲ್ಲ, ಎದುರು ವೈನ್‌ಶಾಪಿನ ಕ್ಯಾಷಿಯರನ್ನೇ ಕರೆಸಿದರು. ನಮ್ಮ ಬೀದಿಯಲ್ಲಿ ಲೈಸೆನ್ಸು ಇಟ್ಟುಕೊಂಡು ಕಾನೂನಿನ ಪ್ರಕಾರ ಬದುಕುತ್ತಿರುವವನು ಅವನೊಬ್ಬನೇ. ಅವನು ನನ್ನನ್ನು ನೋಡಿ ತಲೆ ಅಲ್ಲಾಡಿಸಿ, "ಈ ವಯಸ್ಸಲ್ಲಿ ಇವೆಲ್ಲ ಬೇಕಿತ್ತಾ ಅಜ್ಜಿ?" ಎಂದು ಬುದ್ಧಿ ಹೇಳಿ ಸಹಿ ಹಾಕಿದ.

ಗಿರಿಜಾಂಬಾ ಅವರಿಗೂ ನನಗೂ ಮೂವತ್ತು ವರ್ಷದ ಆಟ. ಅವರ ಯಜಮಾನರದು ಮಂಡಿಯಲ್ಲಿ ದೊಡ್ಡ ಬೆಲ್ಲ-ಬೇಳೆಯ ಸಗಟು ಅಂಗಡಿ. ಮಹಡಿಯಲ್ಲಿ ಮನೆ. ನಾನು ಅದೇ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಿರಿಜಾಂಬಾ ಮನೆಯ ಹೊಸ್ತಿಲ ಒಳಗೆ ಕೂರುವರು, ನಾನು ಹೊರಗೆ. ಆಟದ ಮನೆಯನ್ನು ಹೊಸ್ತಿಲ ಕಲ್ಲಿನ ಮೇಲೇ ಗೀಚಿದ್ದೆವು. ನನ್ನ ಕಾಯಿಗಳು ದಿನಕ್ಕೆ ಹತ್ತು ಸಲ ಅವರ ಮನೆಯೊಳಗೆ ಹೋಗಿ ಬರುತ್ತಿದ್ದವು. ನಾನು ಹೋಗುತ್ತಿರಲಿಲ್ಲ. ಅದನ್ನು ಇಬ್ಬರೂ ಮಾತಾಡಿದವರಲ್ಲ.

ಆಮೇಲೆ ಯಜಮಾನರು ತೀರಿಕೊಂಡರು. ಮಗ ಮೃತ್ಯುಂಜಯ ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ತಾಯಿಯನ್ನು ಕರೆದುಕೊಂಡು ಹೋದ. ಕೊರೊನಾ ಬಂತು. ಆಗ ಫೋನಿನಲ್ಲಿ ಆಡುವ ದಾರಿ ಕಂಡುಕೊಂಡೆವು. ಅವರ ಮನೆಯಲ್ಲೊಂದು ಚೌಕ, ನನ್ನ ಮನೆಯಲ್ಲೊಂದು ಚೌಕ. ಇಬ್ಬರ ಕವಡೆಯನ್ನೂ ನಾನೇ ಕ್ಯಾಮೆರಾದ ಮುಂದೆ ಹಾಕುವುದು. ಅವರು ಸೋತರೆ ಬೇಳೆಯ ಡಬ್ಬಿ ಮೃತ್ಯುಂಜಯನ ಸ್ಕೂಟರಿನಲ್ಲಿ ಅಂಗಡಿಗೆ ಬರುತ್ತದೆ.

ಅವರೇ ಸೋಲುವುದು. ಹತ್ತರಲ್ಲಿ ಏಳೆಂಟು ಸಲ. ಸೋತಾಗಲೆಲ್ಲ ಒಂದೇ ಮಾತು: "ನಿನ್ನ ಅದೃಷ್ಟ ಕಣೇ, ಪುಟ್ಟಿ. ಬರೀ ಅದೃಷ್ಟ." ಮೂವತ್ತು ವರ್ಷ ಒಬ್ಬಳಿಗೇ ಅದೃಷ್ಟ ಕಚ್ಚಿಕೊಂಡು ಕೂತಿದ್ದರೆ ನಾನು ಅಷ್ಟು ಕಾಲ ಯಾಕೆ ಅವರ ಅಂಗಡಿಯಲ್ಲಿ ಕಲ್ಲು ಆರಿಸುತ್ತಿದ್ದೆ ಎಂದು ಕೇಳಬಹುದಿತ್ತು. ನನಗೆ ಅವಸರವಿರಲಿಲ್ಲ.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಕುರ್ಚಿ ಕೊಟ್ಟರು. ಹೆಸರು ಕುಮಾರಸ್ವಾಮಿ. ಕೆಟ್ಟವರಲ್ಲ. ಅಕ್ಟೋಬರಿನಲ್ಲಿ ಆನ್‌ಲೈನ್ ಜೂಜು ತಡೆಯುವ ಹೊಸ ತಿದ್ದುಪಡಿ ಕಾಯ್ದೆ ಬಂದಿತ್ತು, ಡಿಸೆಂಬರಾದರೂ ಅವರ ಠಾಣೆಯಲ್ಲಿ ಅದಕ್ಕೆ ಬೋಣಿಯಾಗಿರಲಿಲ್ಲ. ಅಷ್ಟರಲ್ಲಿ ಒಂದು ದೂರು ಬಂತು. ಬರೆದವರು ಸಿದ್ದಲಿಂಗಸ್ವಾಮಿ, ಗಿರಿಜಾಂಬಾ ಅವರ ಬಡಾವಣೆಯ ಸಂಘದ ಕಾರ್ಯದರ್ಶಿ, ಅವರ ಪಕ್ಕದ ಮನೆಯವರು. ಗಿರಿಜಾಂಬಾ ಅವರೆಸಿಪ್ಪೆಯನ್ನು ಈ ಕಾರ್ಯದರ್ಶಿಗಳ ಗೇಟಿನ ಮುಂದೆ ಸುರಿಯುತ್ತಾರೆಂಬುದು ಅವರ ಸಂಕಟ. ಸಿಪ್ಪೆಗೆ ಜಾಮೀನಿಲ್ಲದ ಸೆಕ್ಷನ್ ಇಲ್ಲವಲ್ಲ. ಆದ್ದರಿಂದ ಬರೆದರು: ‘ಪಕ್ಕದ ಮನೆಯಿಂದ ಪ್ರತಿದಿನ ಕಡಿ, ಕಡಿ, ಬಿಡಬೇಡ ಎಂಬ ಹೆಂಗಸಿನ ಕೂಗು ಕೇಳಿಬರುತ್ತಿದ್ದು, ವಿಚಾರಿಸಲಾಗಿ ಮಂಡಿ ಮೊಹಲ್ಲಾದಿಂದ ಆನ್‌ಲೈನ್ ಜೂಜಿನ ಜಾಲವೊಂದು ಕಾರ್ಯಾಚರಿಸುತ್ತಿರುವುದು ತಿಳಿದುಬಂದಿದೆ.’

"ಜಾಲದ ಮುಖ್ಯಸ್ಥೆ ನೀವೇ ಅಜ್ಜಿ. ಕವಡೆ ಹಾಕೋರು ನೀವಲ್ವಾ?" ಅಂದರು ಕುಮಾರಸ್ವಾಮಿ.

"ಅವರ ಮನೇಲಿ ಕೂತು ಅವರು ಎಂಗೆ ಹಾಕ್ತಾರೆ ಸ್ವಾಮಿ?"

"ಅದೇ ಮತ್ತೆ, ಆನ್‌ಲೈನ್. ಮೂರು ವರ್ಷದವರೆಗೂ ಜೈಲು, ಲಕ್ಷದವರೆಗೂ ದಂಡ ಅದೆ. ನೋಡಿ, ಬೇಕಾದ್ರೆ ಓದಿ." ಕಾಯ್ದೆಯ ಪ್ರತಿಯನ್ನು ನನ್ನ ಮುಂದಕ್ಕೆ ತಳ್ಳಿದರು. ನಾನು ಓದಲಾರೆ ಎಂಬ ಧೈರ್ಯ ಅವರಿಗಿತ್ತು.

ನಾನು ಓದು ಕಲಿತದ್ದು ನಲವತ್ತೈದು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಹಾಗೆ ಕಲಿತವರು ಒಂದು ಅಕ್ಷರವನ್ನೂ ಬಿಡುವುದಿಲ್ಲ. ಬೆರಳಿಟ್ಟುಕೊಂಡು ಮೊದಲಿನಿಂದ ಓದಿದೆ. ಕುಮಾರಸ್ವಾಮಿ ಎರಡು ಫೋನ್ ಮುಗಿಸಿದರು, ಒಂದು ಟೀ ಕುಡಿದರು. ಹಣವನ್ನಾಗಲಿ ಮತ್ತೊಂದನ್ನಾಗಲಿ ಪಣವಿಡುವ ಹಾಗಿಲ್ಲ. ಕೌಶಲದ ಆಟವಾದರೂ ಬಿಡುವ ಹಾಗಿಲ್ಲ. ಮೊಬೈಲು, ಕಂಪ್ಯೂಟರು ಎಲ್ಲ ಜೂಜಿನ ಸಲಕರಣೆ. ಓದುತ್ತ ಓದುತ್ತ ಒಂದು ಸಾಲಿಗೆ ಬೆರಳು ನಿಂತಿತು. ಲಾಟರಿಗೂ ರೇಸ್‌ಕೋರ್ಸಿನಲ್ಲಿ ಓಡುವ ಕುದುರೆಯ ಮೇಲೆ ಕಟ್ಟುವ ಬಾಜಿಗೂ ಇದು ಅನ್ವಯಿಸುವುದಿಲ್ಲ.

"ಸ್ವಾಮಿ, ಕುದುರೆ ಮೇಲೆ ಕಟ್ಟಬೌದಾ?"

"ಕುದುರೆ ಬೇರೆ ಅಜ್ಜಿ."

"ಕವಡೆಗೂ ನಾಲ್ಕು ಕಾಲು ಇದ್ದಿದ್ರೆ ಬುಟ್ಬುಡ್ತಿದ್ರಾ?"

ಪಕ್ಕದ ಮೇಜಿನಲ್ಲಿ ಠಾಣೆಯ ದಾಖಲೆ ಬರೆಯುತ್ತಿದ್ದ ರೈಟರ್ ಕೆಮ್ಮಿದ. ಕುಮಾರಸ್ವಾಮಿ ಪ್ರತಿಯನ್ನು ವಾಪಸ್ ಎಳೆದುಕೊಂಡರು.

ಕುದುರೆಯ ವಿಷಯ ನನಗೆ ಹೊಸದಲ್ಲ. ನನ್ನ ಗಂಡ ಜವರಪ್ಪ ರೇಸ್‌ಕೋರ್ಸಿನಲ್ಲಿ ಕುದುರೆ ತೊಳೆಯುವ, ಮೇವು ಹಾಕುವ ಕೆಲಸದಲ್ಲೇ ಸವೆದವನು. ಗೆದ್ದ ಕುದುರೆ ಇವತ್ತು ಯಾಕೆ ಗೆದ್ದಿತು, ನಾಳೆ ಯಾಕೆ ಸೋಲುತ್ತದೆ ಎಂದು ಕುದುರೆಗೇ ಗೊತ್ತಿರುವುದಿಲ್ಲ ಅನ್ನುತ್ತಿದ್ದ. ಸಿದ್ದಲಿಂಗಸ್ವಾಮಿಗಳಿಗೆ ಮಾತ್ರ ಗೊತ್ತಿರುತ್ತದೆ. ರೇಸಿನ ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಬೈನಾಕ್ಯುಲರ್ ನೇತುಹಾಕಿಕೊಂಡು ಹೊರಡುತ್ತಾರೆ. ದೂರನ್ನೂ ಅವರು ಬರೆದದ್ದು ರೇಸಿನಿಂದ ಬಂದ ಸಂಜೆಯೇ ಎಂದು ಮೃತ್ಯುಂಜಯ ಆಮೇಲೆ ಹೇಳಿದ. ಅವತ್ತು ಯಾವ ಕುದುರೆ ಸೋತಿತ್ತೋ.

ಅದೇ ಮಧ್ಯಾಹ್ನ ಕುಮಾರಸ್ವಾಮಿ ಶ್ರೀರಾಂಪುರಕ್ಕೆ ಹೋಗಿ ಗಿರಿಜಾಂಬಾ ಅವರ ಹೇಳಿಕೆ ಬರೆದುಕೊಂಡರು. ಗಿರಿಜಾಂಬಾ ನನ್ನನ್ನು ಉಳಿಸಬೇಕೆಂದೇ ಹೊರಟವರು. ಕಾಫಿ ಕೊಟ್ಟು, ಕೋಡುಬಳೆ ಕೊಟ್ಟು ಹೇಳಿದರಂತೆ: "ಅವಳದು ಏನೂ ತಪ್ಪಿಲ್ಲ ಸಾರ್. ಮೋಸ ಇಲ್ಲ, ತಂತ್ರ ಇಲ್ಲ. ಅವಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಇದು ಶುದ್ಧ ಅದೃಷ್ಟದ ಆಟ. ಎಲ್ಲ ಶಿವನ ಇಚ್ಛೆ." ಅದೃಷ್ಟವೆಂದರೆ ಯಾರ ತಪ್ಪೂ ಅಲ್ಲ, ದೇವರು ಮಾಡಿಸಿದ್ದು, ದೇವರ ಮೇಲೆ ಯಾರು ಕೇಸು ಹಾಕುತ್ತಾರೆ ಎಂಬುದು ಅವರ ಲೆಕ್ಕ.

ಹೇಳಿಕೆಯ ವಿಷಯ ಕೇಳಿ ನನ್ನ ಮೊಮ್ಮಗಳು ಸುಮಾ ಹಣೆಗೆ ಕೈ ಇಟ್ಟುಕೊಂಡಳು. ಅವಳು ಮಗಳ ಮಗಳು, ಮೈಸೂರು ಕೋರ್ಟಿನಲ್ಲಿ ಎರಡು ವರ್ಷದಿಂದ ವಕೀಲೆ.

"ಅಜ್ಜಿ, ನಿನ್ನ ಸ್ನೇಹಿತೆ ನಿನ್ನ ಜೈಲಿಗೆ ದಾರಿ ಮಾಡ್ಕೊಟ್ಟು ಕೋಡುಬಳೆನೂ ತಿನ್ಸಿ ಕಳ್ಸಿದಾರೆ."

"ಯಾಕೆ? ಪಾಪ, ಒಳ್ಳೇದೇ ಹೇಳವ್ರೆ."

"ಕಾನೂನಲ್ಲಿ ಅದೃಷ್ಟದ ಆಟಕ್ಕೆ ಪಣ ಕಟ್ಟಿದ್ರೇನೇ ಜೂಜು. ಬುದ್ಧಿಯ ಆಟ ಜೂಜಲ್ಲ ಅಂತ ಕೋರ್ಟುಗಳು ಎಷ್ಟೋ ವರ್ಷದಿಂದ ಹೇಳ್ತಾ ಬಂದಿವೆ. ಈಗ ಸರ್ಕಾರ ಎರಡನ್ನೂ ಒಂದೇ ಮೂಟೆಗೆ ಕಟ್ಟಿದೆ. ಅದು ಸರಿಯಾ ಅಂತ ಬೆಂಗಳೂರಲ್ಲಿ, ಹೈಕೋರ್ಟಲ್ಲಿ ವಾದ ನಡೀತಿದೆ."

ನಾನು ಒಳಗಿನಿಂದ ಪುಸ್ತಕ ತಂದೆ. ಕನ್ನಡದ ಸಂವಿಧಾನ. ಜವರಪ್ಪ ಓದು ಬಾರದವನು, ಒಂದು ಬುದ್ಧಪೂರ್ಣಿಮೆಯ ದಿನ ಕೊಂಡು ತಂದು ಬಾಬಾಸಾಹೇಬರ ಫೋಟೋದ ಕೆಳಗಿಟ್ಟು, "ಯಾರಾದ್ರೂ ಓದೋರು ಬರ್ತಾರೆ" ಅಂದಿದ್ದ. ಯಾರೂ ಬರುವ ಹಾಗೆ ಕಾಣಲಿಲ್ಲವಾಗಿ ನಾನೇ ಓದು ಕಲಿತೆ.

"ಜೂಜು ನಿಲ್ಲಿಸೋ ಅಧಿಕಾರ ರಾಜ್ಯಕ್ಕದೆ ಅಂತ ಇದ್ರಲ್ಲೇ ಬರ್ದದಲ್ಲ?" ಅಂದೆ.

"ಇದೆ. ಜೂಜಿಗೆ ಇದೆ. ಜೂಜಲ್ಲದ್ದಕ್ಕೆ ಜೂಜು ಅಂತ ಹೆಸರಿಟ್ಟು ನಿಲ್ಸೋದಕ್ಕೆ ಇಲ್ಲ. ಹೆಸರು ಇಡೋದ್ರಿಂದ ಅಧಿಕಾರ ಬೆಳೆಯಲ್ಲ ಅಜ್ಜಿ."

ನನಗೆ ನನ್ನ ಅತ್ತೆಯ ನೆನಪಾಯಿತು. ಅಡುಗೆಮನೆಯ ಯಜಮಾನಿಕೆ ಅವರದೇ, ಯಾರೂ ಇಲ್ಲವೆನ್ನಲಿಲ್ಲ. ಆದರೆ ಒಂದು ದಿನ ಜಗಲಿಯಲ್ಲಿ ಒಲೆ ಹೂಡಿದರು, ಇನ್ನೊಂದು ದಿನ ನನ್ನ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ ಇಟ್ಟರು. ಹೀಗೆ ಅಡುಗೆಮನೆ ಎಲ್ಲಿಯವರೆಗೂ ಬಂತೋ ಅಲ್ಲಿಯವರೆಗೂ ಅವರ ಆಳ್ವಿಕೆ ಬಂತು. ಸರ್ಕಾರವೂ ಯಾರದೋ ಅತ್ತೆಯೇ ಇರಬೇಕು.

"ಇನ್ನೊಂದು ನೋಡು," ಎಂದು ಸುಮಾಗೆ ಪುಟ ತೋರಿಸಿದೆ. "ನಲವತ್ತೇಳನೇ ವಿಧಿ. ಹೆಂಡ, ಸಾರಾಯಿ, ಅಮಲಿನ ಪದಾರ್ಥ ನಿಷೇಧ ಮಾಡಕ್ಕೆ ರಾಜ್ಯ ಪ್ರಯತ್ನಪಡ್ಬೇಕು ಅಂತದೆ. ಎದುರಂಗಡಿಗೆ ಹೋಗಿ ಪ್ರಯತ್ನ ಪಡಬಾರದಾ? ನಿಲ್ಸು ಅಂದಿದ್ದಕ್ಕೆ ಲೈಸೆನ್ಸು, ನಿಲ್ಸೋ ಅಧಿಕಾರ ಇಲ್ದಿರೋದಕ್ಕೆ ಎಫ್‌ಐಆರು."

"ನೀನೇ ಹೈಕೋರ್ಟಿಗೆ ಹೋಗು ಅಜ್ಜಿ," ಅಂದಳು ಸುಮಾ.

ಅವಳು ಓಡಾಡಿ ನಿರೀಕ್ಷಣಾ ಜಾಮೀನು ಕೊಡಿಸಿದಳು. ಒಂದು ಷರತ್ತು: ಪ್ರತಿ ಭಾನುವಾರ ಬೆಳಗ್ಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಅಷ್ಟು ಕಷ್ಟಪಟ್ಟು ಸಹಿ ಕಲಿತದ್ದು ಇಷ್ಟೊಂದು ಉಪಯೋಗಕ್ಕೆ ಬರುತ್ತದೆಂದು ನಮ್ಮ ರಾತ್ರಿ ಶಾಲೆಯ ಮೇಷ್ಟ್ರಿಗೂ ಗೊತ್ತಿರಲಾರದು. ನನ್ನ ಹಿಂದೆ ಸರಗಳ್ಳನೊಬ್ಬ, ಮುಂದೆ ತಲೆ ಒಡೆದವನೊಬ್ಬ. "ನಿಂದೇನಮ್ಮ ಕೇಸು?" ಎಂದು ಸರಗಳ್ಳ ಕೇಳಿದ. "ಅವರೆಬೇಳೆ" ಅಂದೆ. ಅವನು ಒಂದು ಹೆಜ್ಜೆ ದೂರ ಸರಿದ.

ಜಪ್ತಿಯಾದ ಬೇಳೆಯನ್ನು ಮೊದಲ ಭಾನುವಾರವೇ ವಿಚಾರಿಸಿದೆ. ಕೆಡುವ ಪದಾರ್ಥವಾದ್ದರಿಂದ ನಿಯಮದಂತೆ ನಾಶಪಡಿಸಲಾಗಿದೆ ಎಂದು ರೈಟರ್ ಹೇಳಿದ. ನಾಶಪಡಿಸುವಾಗ ತೆಂಗಿನಕಾಯಿ, ಗಸಗಸೆ ಹಾಕಿದ್ದರೋ ಇಲ್ಲವೋ ಎಂದು ಕೇಳಬೇಕೆನಿಸಿತು. ಜಾಮೀನಿನ ಮೇಲಿದ್ದವಳು, ಸುಮ್ಮನಾದೆ.

ಹತ್ತು ಭಾನುವಾರ ಹೀಗೆ ಹೋದವು. ಅವರೆಯ ಸೊಗಡು ಮುಗಿಯುತ್ತ ಬಂತು. ಫೆಬ್ರವರಿ ಹದಿನಾಲ್ಕರ ಸೋಮವಾರ ಸುಮಾ ಕೋರ್ಟಿನಿಂದಲೇ ಓಡಿಬಂದಳು. ಹೈಕೋರ್ಟು ತೀರ್ಪು ಕೊಟ್ಟಿತ್ತು. ಕೌಶಲದ ಆಟವನ್ನು ಹೀಗೆ ಸಾರಾಸಗಟಾಗಿ ನಿಷೇಧಿಸುವ ಅಧಿಕಾರ ರಾಜ್ಯಕ್ಕಿಲ್ಲ, ತಿದ್ದುಪಡಿಯ ಆ ಭಾಗಗಳು ಸಂವಿಧಾನಕ್ಕೆ ವಿರುದ್ಧ. ಮರುದಿನ ಬೆಳಗ್ಗೆ ಇಬ್ಬರೂ ಠಾಣೆಗೆ ಹೋದೆವು. ಕೇಸು ಮುಚ್ಚುವ ಬಿ ರಿಪೋರ್ಟ್ ಹಾಕಿ, ಕವಡೆ ಕೊಡಿ ಅಂದೆವು.

ಕುಮಾರಸ್ವಾಮಿ ತೀರ್ಪಿನ ಸುದ್ದಿಯನ್ನು ಪೂರ್ತಿ ಓದಿದ್ದರು.

"ಒಪ್ಕೊಂಡೆ ಮೇಡಂ. ಕೌಶಲದ ಆಟ ಮುಟ್ಟೋ ಹಾಗಿಲ್ಲ. ಆದ್ರೆ ಜೂಜಿನ ಹಳೇ ಕಾಯ್ದೆಯನ್ನ ಕೋರ್ಟೇನೂ ತೆಗೆದಿಲ್ವಲ್ಲ? ಅದೃಷ್ಟದ ಆಟ ಇವತ್ತಿಗೂ ಜೂಜೇ." ಫೈಲು ತೆರೆದು ಒಂದು ಹಾಳೆಯ ಮೇಲೆ ಬೆರಳಿಟ್ಟರು. "ಇಲ್ಲಿ ನಿಮ್ಮ ಕಡೆ ಸಾಕ್ಷಿಯೇ ಹೇಳಿದಾರೆ, ಶುದ್ಧ ಅದೃಷ್ಟದ ಆಟ ಅಂತ. ಸೆಕ್ಷನ್ ಬದಲಾಯಿಸಿ ಚಾರ್ಜ್‌ಶೀಟ್ ಹಾಕ್ತೀನಿ. ಇಲ್ಲಾಂದ್ರೆ ಆ ಅಮ್ಮನ್ನ ಕರ್ಕೊಂಡ್ಬನ್ನಿ, ಬೇರೆ ಹೇಳಿಕೆ ಕೊಡ್ಲಿ. ಸೋಮವಾರದವರೆಗೆ ಟೈಮು."

ಸಂವಿಧಾನ, ಹೈಕೋರ್ಟು, ಮುಖ್ಯ ನ್ಯಾಯಮೂರ್ತಿಗಳು ಎಲ್ಲ ಸೇರಿ ನನ್ನನ್ನು ಅರ್ಧ ದಾರಿಗೆ ತಂದು ಬಿಟ್ಟಿದ್ದರು. ಇನ್ನರ್ಧ ಗಿರಿಜಾಂಬಾ ಅವರ ಕೈಯಲ್ಲಿತ್ತು. ರಾಜ್ಯದ ಅಧಿಕಾರಕ್ಕೆ ಮಿತಿ ಹಾಕುವುದು ಅಷ್ಟು ಕಷ್ಟವಲ್ಲ ಎಂದು ನನಗೆ ಅವತ್ತು ಅನ್ನಿಸಿತು.

ಶ್ರೀರಾಂಪುರದ ಬಸ್ಸಿನಲ್ಲಿ ಹೋದೆ. ಗಿರಿಜಾಂಬಾ ಮೊರದ ತುಂಬ ಕಡೇ ಕೊಯ್ಲಿನ ಅವರೆ ಇಟ್ಟುಕೊಂಡು ಹಿತುಕುತ್ತಿದ್ದರು. ಜಪ್ತಿಯಾದ ದಿನದ ಆಟ ಮುಗಿದಿರಲಿಲ್ಲ. ಆದರೂ ಸೋಲುವವರು ತಾವೇ ಎಂದು ಅವರಿಗೆ ಮನಸ್ಸಿನಲ್ಲಿ ಗೊತ್ತಿತ್ತೇನೋ.

"ಬುದ್ಧಿಯ ಆಟ ಅಂತ ಬರ್ಕೊಡ್ಬೇಕಾ?" ಅಂದರು. "ಸುಳ್ಳು ಹೇಳ್ಬೇಕಾ ನಾನು, ಈ ವಯಸ್ಸಲ್ಲಿ? ಲಿಂಗ ಕಟ್ಕೊಂಡಿರೋಳು."

"ಸುಳ್ಳು ಯಾಕೆ ಅಮ್ಮಾವ್ರೇ? ಯೋಚ್ನೆ ಮಾಡಿ."

"ಕವಡೆ ಬೀಳೋದು ನನ್ನ ಕೈಲಿದೆಯಾ, ನಿನ್ನ ಕೈಲಿದೆಯಾ? ಬಿದ್ದಷ್ಟು ನಡೆಸ್ತೀವಿ. ಅದ್ರಲ್ಲಿ ಬುದ್ಧಿ ಎಲ್ಲಿಂದ ಬಂತು? ನಿನ್ನ ಮೇಲೆ ನನಗೇನು ಹೊಟ್ಟೆಕಿಚ್ಚಾ? ಗೆದ್ದಿದ್ದೀಯ, ಇಲ್ಲ ಅಂತೀನಾ? ಅದೃಷ್ಟ ಕಣೇ."

"ಜೈಲಿಗೆ ಹೋದ್ರೂ ಅದೃಷ್ಟನೇ ಅನ್ನಿ."

ಅವರ ಬೆರಳು ತಪ್ಪಿತು. ಒಂದು ಬೇಳೆ ಜಾರಿ ನೆಲಕ್ಕೆ ಹಾರಿತು. "ಹಾಗನ್ಬೇಡ. ವಕೀಲರಿಗೆ ಎಷ್ಟಾಗುತ್ತೋ ಮೃತ್ಯುಂಜಯ ಕೊಡ್ತಾನೆ. ನಿನಗೋಸ್ಕರ ಏನ್ ಬೇಕಾದ್ರೂ ಮಾಡ್ತೀನಿ. ಆದ್ರೆ ನೀನು ನನಗಿಂತ ಬುದ್ಧಿವಂತೆ ಅಂತ ಪೊಲೀಸ್ ಪೇಪರಲ್ಲಿ ಬರಿ ಅಂದ್ರೆ..."

"ನಾನು ಬರೀರಿ ಅನ್ನಲ್ಲ. ಆಡಿ. ಠಾಣೇಲೇ ಆಡುವ, ಇನ್ಸ್‌ಪೆಕ್ಟ್ರ ಮುಂದೆ. ಪಣ ಬ್ಯಾಡ. ಕವಡೆ ಅವರೇ ಹಾಕ್ಲಿ. ಅದೃಷ್ಟ ಅಂತ ನೀವೇ ಕಣ್ಣಾರೆ ತೋರಿಸ್ಬುಡಿ."

ಅವರ ಬೆನ್ನು ನೆಟ್ಟಗಾಯಿತು. ಸಾಕ್ಷಿ ಹೇಳಲು ಬರಲೊಪ್ಪದ ಹೆಂಗಸು ಗೆಲ್ಲಲು ಎದ್ದು ಸೀರೆ ಬದಲಾಯಿಸಿದರು.

ಠಾಣೆಯಲ್ಲಿ ಮೇಜಿನ ಫೈಲುಗಳನ್ನು ಸರಿಸಿ ರೈಟರ್ ಒಂದು ಹಾಳೆಯ ಮೇಲೆ ಸ್ಕೇಲು ಹಿಡಿದು ಐದಕ್ಕೈದು ಮನೆ ಎಳೆದ. ಕಾಯಿ ಕಡಿಯಲಾಗದ ಮನೆಗಳಿಗೆ ಕತ್ತರಿ ಗುರುತು ಹಾಕಿದ. ಸೀಲು ಒಡೆದು ಕವಡೆ ತೆಗೆದರು. ಸುಮಾ ಒಂದು ಪಕ್ಕ ನೋಟ್‌ಬುಕ್ ಹಿಡಿದು ನಿಂತಳು. ಕುಮಾರಸ್ವಾಮಿಗೆ ಇದರಲ್ಲಿ ಸಂತೋಷವೇ. ಸಾಕ್ಷಿ ತನ್ನ ಹಳೇ ಹೇಳಿಕೆಯನ್ನು ಸಾಬೀತು ಮಾಡಲು ತಾನಾಗಿ ಬಂದಿದ್ದರು. ನಮಗೆ ಕೂರಲು ಇದ್ದದ್ದು ಒಂದೇ ಬೆಂಚು. ಗಿರಿಜಾಂಬಾ ನನ್ನನ್ನು ನೋಡಿದರು, ಬೆಂಚನ್ನು ನೋಡಿದರು, ಸೆರಗು ಸರಿಮಾಡಿಕೊಂಡು ಕೂತರು. ನಾನೂ ಕೂತೆ.

ಕುಮಾರಸ್ವಾಮಿ ಕವಡೆ ಹಾಕಿದರು. ಗಿರಿಜಾಂಬಾಗೆ ಬಾರ, ಎಂದರೆ ಎಂಟು. ಮತ್ತೆ ಹಾಕಿದರು, ಚೌಕ, ಎಂದರೆ ನಾಲ್ಕು. ಅದಕ್ಕೂ ಇನ್ನೊಂದು ಆಟ, ಮತ್ತೆ ಬಾರ. ನನಗೆ ಒಂದು. ಮತ್ತೆ ಅವರಿಗೆ ಚೌಕ, ನನಗೆ ಎರಡು.

"ನೋಡಿದ್ರಾ ಸಾರ್? ನೋಡಿದ್ರಾ?" ಅಂದರು ಗಿರಿಜಾಂಬಾ. "ಅದೃಷ್ಟ ಇವತ್ತು ನನ್ನ ಕಡೆ ತಿರುಗಿದೆ."

ಅದು ಯಾವತ್ತೂ ಅವರ ಕಡೆಯೇ ಇತ್ತು. ಅವರು ಗಮನಿಸಿರಲಿಲ್ಲ. ದೊಡ್ಡದು ಬಿದ್ದರೆ ಅವರಿಗೆ ಕೈ ನಿಲ್ಲುವುದಿಲ್ಲ. ಒಂದೇ ಕಾಯಿಯನ್ನು ಹಿಡಿದುಕೊಂಡು ಓಡಿಸುತ್ತಾರೆ. ಅದು ಒಂಟಿಯಾಗಿ ಹೋಗಿ ನನ್ನ ಕಾಯಿಗಳ ಮುಂದೆ, ಒಂದೋ ಎರಡೋ ಮನೆ ಆಚೆ ನಿಂತುಕೊಳ್ಳುತ್ತದೆ. ನಾನು ಕತ್ತರಿ ಮನೆಯಲ್ಲಿ ಕೂತು ಕಾಯುತ್ತೇನೆ. ಬಾರಕ್ಕಾಗಿ ಕಾಯುವುದು ಕಷ್ಟ, ಒಂದು ಎರಡಕ್ಕಾಗಿ ಕಾಯುವುದು ಸುಲಭ. ಕಾಳಿನಲ್ಲಿ ಕಲ್ಲು ಆರಿಸಿದವಳಿಗೆ ಇಷ್ಟು ಬಾರದೆ?

ಎರಡು ಬಿತ್ತು. ಕಡಿದೆ. ಅವರ ಕಾಯಿ ಮೊದಲಿನಿಂದ ಹೊರಟಿತು. ಮತ್ತೆ ಅವರಿಗೆ ಬಾರ, ಮತ್ತೆ ಒಂಟಿ ಕಾಯಿ ಓಡಿತು. ಒಂದು ಬಿತ್ತು. ಕಡಿದೆ.

ಠಾಣೆಯೆಲ್ಲ ಮೇಜಿನ ಸುತ್ತ ಬಂದಿತ್ತು. ಕುಮಾರಸ್ವಾಮಿ ಟೋಪಿ ತೆಗೆದಿಟ್ಟು ಮೊಣಕೈ ಊರಿ ಕೂತಿದ್ದರು. ನಾಲ್ಕನೆಯ ಬಾರಕ್ಕೆ ಗಿರಿಜಾಂಬಾ ಮತ್ತೆ ಮುಂದಿನ ಕಾಯಿಗೇ ಕೈ ಹಾಕಿದರು. ಇನ್ಸ್‌ಪೆಕ್ಟರರಿಗೆ ತಡೆಯಲಾಗಲಿಲ್ಲ.

"ಅಯ್ಯೋ ಅಮ್ಮಾ, ಅದು ಬ್ಯಾಡಿ! ಅಲ್ಲಿಗೆ ಹೋದ್ರೆ ಅಜ್ಜಿ ಕಡಿದ್ಬುಡ್ತಾರೆ. ಹಿಂದಿನದನ್ನ ತಗಂಡು ಕತ್ತರಿ ಮನೇಲಿ ಇಡಿ. ಸ್ವಲ್ಪ ತಲೆ ಓಡ್ಸಿ!"

ನಾನು ಕೈ ಮುಗಿದೆ. "ಸ್ವಾಮಿ, ಲಾಟ್ರಿ ಟಿಕೀಟು ಹಿಡ್ಕೊಂಡು ನಿಂತಿರೋರಿಗೆ ಯಾವತ್ತಾದ್ರೂ ತಲೆ ಓಡ್ಸಿ ಅಂದಿದ್ದೀರಾ?"

ಸುಮಾಳ ಪೆನ್ನು ಹಾಳೆಯ ಮೇಲೆ ಓಡುತ್ತಿತ್ತು. "ಸಾರ್, ಟೈಮು ಹನ್ನೆರಡು ಹತ್ತು ಅಲ್ವಾ? ಬರ್ಕೊತೀನಿ," ಅಂದಳು. ಕುಮಾರಸ್ವಾಮಿ ನಿಧಾನವಾಗಿ ಟೋಪಿ ಎತ್ತಿ ತಲೆಗೆ ಹಾಕಿಕೊಂಡರು.

ಗಿರಿಜಾಂಬಾ ಅವರ ಕೈ ಇನ್ನೂ ಕಾಯಿಯ ಮೇಲೇ ಇತ್ತು. ಅವರು ಹಾಳೆಯನ್ನೇ ನೋಡುತ್ತಿದ್ದರು, ನನ್ನ ಕಾಯಿಗಳನ್ನು, ತಮ್ಮ ಕಾಯಿಗಳನ್ನು, ನಡುವಿನ ಮನೆಗಳನ್ನು. ಬೆರಳಿನಿಂದ ಒಂದು, ಎರಡು ಎಂದು ಎಣಿಸಿದರು. ಮೂವತ್ತು ವರ್ಷದ ಆಟದಲ್ಲಿ ಅವರು ನನ್ನ ಕಡೆಯಿಂದ ಎಣಿಸಿದ್ದು ಅದೇ ಮೊದಲು.

"ಕಾಯ್ತಾ ಕೂತಿರ್ತೀಯಲ್ಲೇ," ಅಂದರು ಮೆಲ್ಲಗೆ. "ಅಷ್ಟು ವರ್ಷದಿಂದ?"

"ಹೂಂ ಅಮ್ಮಾವ್ರೇ."

"ಒಂದು ಮಾತು ಹೇಳ್ಬಾರ್ದಿತ್ತಾ ನನಗೆ?"

"ಹೇಳಿದ್ರೆ ಬೇಳೆ ಯಾರು ಹಿತುಕ್ತಿದ್ರು?"

ಅವರಿಗೆ ನಗು ಬಂತು, ಸಿಟ್ಟೂ ಬಂತು. ಸಿಟ್ಟಿನಲ್ಲೇ ರೈಟರ್ ಕಡೆ ತಿರುಗಿ, "ಬರ್ಕೊಳ್ಳಪ್ಪಾ" ಅಂದರು. ಅವರು ಹೇಳಿದ್ದು, ಅವನು ಬರೆದದ್ದು, ಇದು:

‘ಕವಡೆ ಯಾವಾಗಲೂ ನನ್ನ ಮಾತು ಕೇಳುತ್ತದೆ. ಈ ದಿನ ಠಾಣೆಯಲ್ಲಿ ನನಗೆ ನಾಲ್ಕು ಬಾರ, ಎರಡು ಚೌಕ ಬಿದ್ದವು. ಪುಟ್ಟಲಿಂಗಮ್ಮನಿಗೆ ಒಂದು, ಎರಡರ ಮೇಲೆ ಏನೂ ಬೀಳಲಿಲ್ಲ. ಅದೃಷ್ಟವೆಲ್ಲ ನನ್ನದೇ ಎಂಬುದಕ್ಕೆ ಇನ್ಸ್‌ಪೆಕ್ಟರರೇ ಸಾಕ್ಷಿ. ಆದರೂ ನನ್ನ ಆಟ ಕೆಟ್ಟಿದೆ. ಅದೃಷ್ಟದ ಆಟವಾಗಿದ್ದರೆ ನಾನು ಗೆಲ್ಲಬೇಕಿತ್ತು. ಆದ್ದರಿಂದ ಇದು ಅದೃಷ್ಟದ ಆಟವಲ್ಲ. ಪುಟ್ಟಲಿಂಗಮ್ಮ ನನಗಿಂತ...’

ಅಲ್ಲಿ ನಿಂತರು. ರೈಟರ್ ಪೆನ್ನೆತ್ತಿ ಕಾದ. ನಾನೂ ಕಾದೆ.

"ನನಗಿಂತ ತಲೆ ಓಡಿಸಿ ಆಡುತ್ತಾಳೆ ಅಂತ ಬರಿ," ಅಂದರು. "ಓಡಿಸಿ ಅನ್ನೋದು ಇನ್ಸ್‌ಪೆಕ್ಟರ್ ಮಾತು. ನಾನಾಗಿ ಹೇಳಿದ್ದಲ್ಲ."

ಬಿ ರಿಪೋರ್ಟ್ ಹೋಯಿತು. ಮೊಬೈಲೂ ಕವಡೆಯೂ ಕೋರ್ಟಿನ ಮೂಲಕ ವಾಪಸ್ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಕವಡೆ ಬಿಡಿಸಿಕೊಳ್ಳಲು ಬಾಂಡ್ ಬರೆದುಕೊಟ್ಟವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಅಷ್ಟರಲ್ಲಿ ಸರ್ಕಾರ ಹೈಕೋರ್ಟಿನ ತೀರ್ಪಿನ ಮೇಲೆ ದಿಲ್ಲಿಗೆ, ಸುಪ್ರೀಂ ಕೋರ್ಟಿಗೆ ಹೋಗಿದೆ ಎಂದು ಸುಮಾ ಹೇಳಿದಳು. ಹೋಗಲಿ. ಸೋತವರು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ ಎಂಬುದು ನನಗೆ ತಿಳಿಯದ ವಿಷಯವಲ್ಲ. ಸಿದ್ದಲಿಂಗಸ್ವಾಮಿಗಳು ರೇಸಿಗೆ ಹೋಗುತ್ತಲೇ ಇದ್ದಾರೆ. ಎದುರಂಗಡಿಯ ಲೈಸೆನ್ಸು ನವೀಕರಣವಾಗಿದೆ.

ಫೋನು ವಾಪಸ್ ಬಂದ ದಿನವೇ ಗಿರಿಜಾಂಬಾ ಕರೆ ಮಾಡಿದರು. ಎಂದಿನಂತೆ ಹಣೆ, ವಿಭೂತಿ, ಎಡಗಣ್ಣು. ಆಡಿದೆವು. ಅವರೆ ಮುಗಿದಿತ್ತು, ಪಣ ಇಡಲಿಲ್ಲ. ಅವರು ಈ ಸಲ ಕತ್ತರಿ ಮನೆಯಲ್ಲಿ ಕಾಯುವುದನ್ನು ಪ್ರಯತ್ನಿಸಿದರು. ಮೂರು ಸುತ್ತು ಕಾದರು. ನಾಲ್ಕನೆಯ ಸುತ್ತಿಗೆ ಬಾರ ಬಿತ್ತು. ಕಾಯಿ ಓಡಿತು. ಕಡಿದೆ.

"ಅದೃಷ್ಟ ಕಣೇ ಪುಟ್ಟಿ," ಅಂದರು.

ಹೇಳಿಕೆಯ ದೃಢೀಕೃತ ನಕಲನ್ನು ನಾನು ಅಷ್ಟರಲ್ಲೇ ಕೋರ್ಟಿನಿಂದ ತೆಗೆಸಿಟ್ಟಿದ್ದೆ. ಸಂವಿಧಾನದ ಪುಸ್ತಕದೊಳಗೆ, ನಲವತ್ತೇಳನೇ ವಿಧಿಯ ಪುಟದಲ್ಲಿ. ಎದ್ದು ಹೋಗಿ ತಂದೆ. ಕನ್ನಡಕ ಹಾಕಿಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಒಂದಕ್ಷರವನ್ನೂ ಬಿಡದೆ ಓದತೊಡಗಿದೆ. ‘ಆದ್ದರಿಂದ ಇದು’ ಎಂಬಲ್ಲಿಗೆ ಬರುವಷ್ಟರಲ್ಲಿ ಅವರು ಫೋನು ಕಟ್ ಮಾಡಿದರು.

ಅರ್ಧ ಗಂಟೆಯ ಮೇಲೆ ಮತ್ತೆ ರಿಂಗಾಯಿತು.

"ಓದೋದು ಆಯ್ತೇನೇ?" ಅಂದರು. "ಹಾಕು ಮತ್ತೆ. ಈ ಸಲ ನಾನೂ ಕಾಯ್ತೀನಿ."